ಕಾಶಿಯ ಚಳಿಗೆ ಸಡಿಲವಾದ ಕಾರ್ಡಿಗನ್: ಪ್ಯಾಟರ್ನ್ ಹುಡುಕಿ, ಅಳತೆಗೆ ತಿದ್ದಿಕೊಳ್ಳಿ

ಸಂಕ್ರಾಂತಿ, ಮಾಘಸ್ನಾನ, ಶಿವರಾತ್ರಿ ಅಂತ ಊರಿನಿಂದ ಅಪ್ಪ-ಅಮ್ಮ ಕಾಶಿಗೆ ಹೊರಡುವ ಕಾಲ ಚಳಿಗಾಲವೇ. ಜಂಗಮವಾಡಿ ಮಠದಲ್ಲೋ ಹನುಮಾನ್ ಘಾಟ್ ಕಡೆಯೋ ಇಳಿದುಕೊಂಡು, ಬೆಳಕು ಹರಿಯುವ ಮೊದಲೇ ಕರ್ನಾಟಕ ಘಾಟ್‌ನ ಮೆಟ್ಟಿಲು ಇಳಿಯುತ್ತಾರೆ. ಜನವರಿಯಲ್ಲಿ ಅಲ್ಲಿ ರಾತ್ರಿಯ ಉಷ್ಣಾಂಶ 10 ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಮಧ್ಯಾಹ್ನದವರೆಗೂ ಮಂಜು ಕರಗದ ದಿನಗಳೂ ಉಂಟು. ಬೆಂಗಳೂರಿನ ಚಳಿಗೆಂದು ಕೊಂಡ ತೆಳು ಸ್ವೆಟರ್ ಅಲ್ಲಿ ಸಾಲುವುದಿಲ್ಲ.

ವಯಸ್ಸಾದವರಿಗೆ ತಲೆಯ ಮೇಲಿಂದ ಹಾಕುವ ಸ್ವೆಟರ್ ಕಷ್ಟ. ಭುಜ ಹಿಡಿದುಕೊಂಡಿದ್ದರೆ ಕೈ ಮೇಲೆತ್ತುವುದೇ ಆಗದು. ಮುಂದೆ ಗುಂಡಿ ಇರುವ ಕಾರ್ಡಿಗನ್ ಆದರೆ ಒಂದೊಂದೇ ತೋಳು ತೂರಿಸಿಕೊಳ್ಳಬಹುದು, ಬಿಸಿಲು ಬಂದಾಗ ತೆಗೆದಿಡಬಹುದು. ಆದರೆ ಅಂಗಡಿಯ ರೆಡಿಮೇಡ್ ಕಾರ್ಡಿಗನ್ ಸೀರೆಯ ಸೆರಗಿನ ಮೇಲೆ ಬಿಗಿಯಾಗುತ್ತದೆ. ದೊಡ್ಡ ಸೈಜ್ ತಂದರೆ ತೋಳು ಬೆರಳು ಮುಚ್ಚುತ್ತದೆ. ಹೆಣಿಗೆ ಬಲ್ಲವರು ಮನೆಯಲ್ಲೇ ಹೆಣೆಯುವುದು ಇದಕ್ಕಾಗಿಯೇ.

ಪ್ಯಾಟರ್ನ್ ಎಲ್ಲಿ ಸಿಗುತ್ತದೆ?

ಉತ್ತರ ಭಾರತದಲ್ಲಿ ಸ್ವೆಟರ್ ಹೆಣೆಯುವುದು ಮನೆಮನೆಯ ಕೆಲಸವಾಗಿತ್ತು. ಹಿಂದಿ ಮಹಿಳಾ ಪತ್ರಿಕೆಗಳ ಹಳೆಯ ಚಳಿಗಾಲದ ಸಂಚಿಕೆಗಳಲ್ಲಿ ಒಳ್ಳೆಯ ಪ್ಯಾಟರ್ನ್‌ಗಳಿವೆ. ಪಕ್ಕದ ಮನೆಯ ಹಿರಿಯರ ಹತ್ತಿರ ಕತ್ತರಿಸಿಟ್ಟ ಪುಟಗಳಿದ್ದರೂ ಇರಬಹುದು, ಕೇಳಿ ನೋಡಿ. ಉಣ್ಣೆ ಅಂಗಡಿಗಳಲ್ಲೂ ವಿಚಾರಿಸಿ. ಇಂಗ್ಲಿಷ್ ಓದಬಲ್ಲವರಿಗೆ 2007ರಲ್ಲಿ ಶುರುವಾದ ರಾವೆಲ್ರಿ ತಾಣದಲ್ಲಿ ಉಚಿತ ಪ್ಯಾಟರ್ನ್‌ಗಳು ಬೇಕಾದಷ್ಟಿವೆ.

ಹುಡುಕುವಾಗ ಭುಜ ಇಳಿಬಿದ್ದ, ಅಂದರೆ 'ಡ್ರಾಪ್ ಶೋಲ್ಡರ್' ಮಾದರಿಯನ್ನೇ ಆರಿಸಿ. ಇದರಲ್ಲಿ ಕಂಕುಳ ಬಳಿ ಆಕಾರ ಕೊಡುವ ಕೆಲಸವಿಲ್ಲ. ಎಲ್ಲ ಭಾಗಗಳೂ ಹೆಚ್ಚುಕಡಿಮೆ ನೇರ, ಆದ್ದರಿಂದ ತಿದ್ದುವುದು ಸುಲಭ.

ಭಾಷೆಯ ತೊಡಕು

ಹಿಂದಿ ಪ್ಯಾಟರ್ನ್‌ನಲ್ಲಿ 'ಫಂದಾ' ಅಂದರೆ ಸ್ಟಿಚ್. 'ಸೀಧಾ' ನಿಟ್, 'ಉಲ್ಟಾ' ಪರ್ಲ್. 'ಬಢಾನಾ' ಹೆಚ್ಚಿಸು, 'ಘಟಾನಾ' ಕಡಿಮೆ ಮಾಡು. 'ಸಲಾಯಿ' ಅಂದರೆ ಕಡ್ಡಿಯೂ ಹೌದು, ಸಾಲೂ ಹೌದು: '10 ನಂಬರಿನ ಸಲಾಯಿ' ಎಂದರೆ ಕಡ್ಡಿ, '10 ಸಲಾಯಿ ಹೆಣೆಯಿರಿ' ಎಂದರೆ ಹತ್ತು ಸಾಲು.

ಕಡ್ಡಿಯ ನಂಬರಿನಲ್ಲೂ ಹುಷಾರಾಗಿರಿ. ನಮ್ಮಲ್ಲಿ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ. ನಂಬರ್ ದೊಡ್ಡದಾದಷ್ಟೂ ಕಡ್ಡಿ ಸಣ್ಣ. ನಮ್ಮ 8 ನಂಬರ್ ಅಂದರೆ 4 ಮಿ.ಮೀ. ಅಮೆರಿಕದ 8 ನಂಬರ್ 5 ಮಿ.ಮೀ. ಆದ್ದರಿಂದ ಮಿಲಿಮೀಟರನ್ನೇ ನೋಡಿ.

ಮೊದಲು ಒಂದು ತುಂಡು

ಆರಿಂಚು ಅಗಲದ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ. ಮಧ್ಯದ 4 ಇಂಚಿನಲ್ಲಿ ಎಷ್ಟು ಸ್ಟಿಚ್ ಇದೆ ಎಣಿಸಿ. ಡಬಲ್ ನಿಟಿಂಗ್ ಉಣ್ಣೆ, 4 ಮಿ.ಮೀ. ಕಡ್ಡಿಯಾದರೆ ಸಾಮಾನ್ಯವಾಗಿ 22 ಬರುತ್ತದೆ, ಅಂದರೆ ಇಂಚಿಗೆ ಐದೂವರೆ. ನಿಮ್ಮ ಕೈ ಸಡಿಲವಾಗಿ ಇಂಚಿಗೆ ಐದೇ ಬಂದರೆ, 46 ಇಂಚು ಆಗಬೇಕಾದ ಕಾರ್ಡಿಗನ್ 50 ಇಂಚು ದಾಟುತ್ತದೆ! ಒಂದು ಸಂಜೆಯ ಈ ಕೆಲಸ ಎರಡು ತಿಂಗಳ ಶ್ರಮವನ್ನು ಉಳಿಸುತ್ತದೆ.

ಲೆಕ್ಕ ಹೀಗೆ

ಅಮ್ಮನ ಎದೆಸುತ್ತು 40 ಇಂಚು ಎಂದಿಟ್ಟುಕೊಳ್ಳಿ. ಸೀರೆಯ ಮೇಲೆ ಸಡಿಲವಾಗಿ ಕೂರಲು 6 ಇಂಚು ಸೇರಿಸಿದರೆ 46. ಬೆನ್ನಿನ ಭಾಗಕ್ಕೆ ಅದರ ಅರ್ಧ, 23 ಇಂಚು. ಐದೂವರೆಯಿಂದ ಗುಣಿಸಿದರೆ ಸುಮಾರು 127 ಸ್ಟಿಚ್. ಎರಡು ಸೀದಾ, ಎರಡು ಉಲ್ಟಾ ರಿಬ್ ಸರಿಹೊಂದಲು, ಹೊಲಿಗೆಗೂ ಸೇರಿಸಿ, 130 ಹಾಕಿಕೊಳ್ಳಿ. ಮುಂಭಾಗದ ಪ್ರತಿ ಹೋಳಿಗೆ ಹನ್ನೊಂದೂವರೆ ಇಂಚು ಬೇಕು. ಒಂದೂವರೆ ಇಂಚಿನ ಗುಂಡಿಪಟ್ಟಿಯ ಅರ್ಧವನ್ನು ಅದರಿಂದ ಕಳೆದರೆ 62 ಸ್ಟಿಚ್ ಸಾಕು.

ತೋಳಿನ ಉದ್ದವನ್ನು ಭುಜದಿಂದ ಅಳೆಯಬೇಡಿ. ಕತ್ತಿನ ಹಿಂಭಾಗದ ನಡುವಿನಿಂದ ಭುಜದ ಮೇಲೆ ಹಾದು ಮಣಿಕಟ್ಟಿನವರೆಗೆ ಅಳೆಯಿರಿ. ಅದು 28 ಇಂಚಾದರೆ, ಬೆನ್ನಿನ ಅರ್ಧ ಅಗಲ ಹನ್ನೊಂದೂವರೆ ಕಳೆಯಿರಿ. ಉಳಿದ ಹದಿನಾರೂವರೆ ಇಂಚೇ ತೋಳು. ಮೈ ಅಗಲವಾದಷ್ಟೂ ಭುಜದ ಹೊಲಿಗೆ ಕೈಮೇಲೆ ಇಳಿಯುವುದರಿಂದ ತೋಳು ಗಿಡ್ಡವಾಗಬೇಕು. ಪ್ಯಾಟರ್ನ್‌ನ ದೊಡ್ಡ ಸೈಜನ್ನು ಹಾಗೆಯೇ ಹೆಣೆದವರಿಗೆ ತೋಳು ಉದ್ದವಾಗುವುದು ಹೆಚ್ಚಾಗಿ ಇಲ್ಲೇ.

ತೋಳಿನ ಕೆಳಗೆ 50 ಸ್ಟಿಚ್ ಹಾಕಿ 2 ಇಂಚು ರಿಬ್ ಮಾಡಿ. ಮುಂದಿನ ಸಾಲಿನಲ್ಲಿ ಸಮಾನ ಅಂತರದಲ್ಲಿ 8 ಹೆಚ್ಚಿಸಿ. ಆಮೇಲೆ ಪ್ರತಿ ನಾಲ್ಕನೇ ಸಾಲಿನಲ್ಲಿ ಎರಡೂ ಬದಿಗೆ ಒಂದೊಂದರಂತೆ 24 ಸಲ ಹೆಚ್ಚಿಸಿದರೆ 106 ಆಗುತ್ತದೆ. ಇಂಚಿಗೆ 7 ಸಾಲು ಬರುವವರಿಗೆ ಈ ಲೆಕ್ಕ ಸರಿಹೋಗುತ್ತದೆ. ತೋಳಿನ ಮೇಲ್ಭಾಗ ಸುಮಾರು 19 ಇಂಚು ಅಗಲವಿರುತ್ತದೆ. ಮೈಯ ಎರಡೂ ಬದಿಯಲ್ಲಿ, ಭುಜದಿಂದ ಕೆಳಗೆ ಒಂಬತ್ತೂವರೆ ಇಂಚು ಗುರುತು ಮಾಡಿ ಅಲ್ಲಿಗೆ ಜೋಡಿಸಿ. ಒಳಗೆ ಇನ್ನೊಂದು ಬೆಚ್ಚನೆಯ ಬಟ್ಟೆ ಇದ್ದರೂ ಕೈ ಸಲೀಸಾಗಿ ಆಡುತ್ತದೆ.

ಉಣ್ಣೆ, ಗುಂಡಿ

ಈ ಅಳತೆಗೆ 600ರಿಂದ 700 ಗ್ರಾಂ ಉಣ್ಣೆ ಬೇಕಾದೀತು. ಎಲ್ಲವನ್ನೂ ಒಂದೇ ಸಲ, ಒಂದೇ ಲಾಟ್ ನಂಬರ್ ನೋಡಿ ಕೊಳ್ಳಿ. ಒಂದು ಉಂಡೆ ಹೆಚ್ಚೇ ಇರಲಿ. ಆಮೇಲೆ ತಂದ ಅದೇ ಬಣ್ಣ ಪಕ್ಕದಲ್ಲಿಟ್ಟಾಗ ಬೇರೆಯಾಗಿ ಕಾಣಬಹುದು. ಲಚ್ಛಿಯಲ್ಲಿ ಕೊಂಡರೆ ಹೆಣೆಯುವ ಮೊದಲು ಉಂಡೆ ಸುತ್ತಿಕೊಳ್ಳಿ. ಶುದ್ಧ ಉಣ್ಣೆ ಹೆಚ್ಚು ಬೆಚ್ಚಗೆ, ಆದರೆ ಕಾಶಿಯ ಮಂಜಿನಲ್ಲಿ ಒಗೆದದ್ದು ಬೇಗ ಒಣಗುವುದಿಲ್ಲ. ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಅಡಿಗೆಮನೆಯ ಬೆಂಕಿಯ ಹತ್ತಿರ ಅದನ್ನು ಹಾಕಿಕೊಂಡು ನಿಲ್ಲಬಾರದು. ಕರಗಿ ಮೈಗೆ ಅಂಟುತ್ತದೆ.

ಗುಂಡಿಗಳು ದೊಡ್ಡವಿರಲಿ, ಐದಾರು ಸಾಕು. ಚಳಿಗೆ ಮರಗಟ್ಟಿದ ಬೆರಳಿಗೆ ಸಣ್ಣ ಗುಂಡಿ ಸಿಗುವುದಿಲ್ಲ. ಕನ್ನಡಕಕ್ಕೆ, ಮಾತ್ರೆಗೆ ಎರಡು ಜೇಬು ಮರೆಯಬೇಡಿ.

ದಿನಕ್ಕೆ ಎರಡು ಗಂಟೆ ಹೆಣೆದರೂ ಇದು ಎರಡು ತಿಂಗಳ ಕೆಲಸ. ದಸರೆಗೆ ಶುರುಮಾಡಿದರೆ ಯಾತ್ರೆಯ ಟಿಕೆಟ್ ಬರುವಷ್ಟರಲ್ಲಿ ಮುಗಿಯುತ್ತದೆ. ಕಡ್ಡಿ ಕೈಗೆತ್ತಿಕೊಳ್ಳುವ ಮೊದಲು ಊರಿಗೆ ಫೋನ್ ಮಾಡಿ ಅಮ್ಮನ ಅಳತೆ ಕೇಳಿ. ಹೋದ ವರ್ಷದ್ದು ಈ ವರ್ಷಕ್ಕೆ ಇರುವುದಿಲ್ಲ. ನಿಮ್ಮ ಹತ್ತಿರ ಹಳೆಯ ಪ್ಯಾಟರ್ನ್ ಇದ್ದರೆ ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರೆದು ಕಳಿಸಿ, ಬೇರೆ ಕೇಳುಗರಿಗೂ ತಲುಪಿಸೋಣ.