ಚಂಚಲ ಬಾಲ್ಯವೂ ಔಷಧೋಪಚಾರವೂ

ತಮ್ಮ ಕಂದನಿಗೆ ಎಡಿಎಚ್‌ಡಿ ಇದೆಯೆಂಬ ವೈದ್ಯರ ಮಾತನ್ನು ಕೇಳಿ ಕಳವಳಗೊಂಡಿರುವ ಸ್ಯಾನ್ ರಮೋನಿನ ಕನ್ನಡ ತಾಯಿತಂದೆಗಳು ಮೊದಲು ತಿಳಿಯಬೇಕಾದುದು ಇದು: ಏಕಾಗ್ರತೆಯನ್ನೂ ಸಂಯಮವನ್ನೂ ನಡೆಸುವ ಮೆದುಳಿನ ವ್ಯವಸ್ಥೆಯು ಬೇರೊಂದು ಗತಿಯಲ್ಲಿ ವಿಕಾಸಗೊಂಡುದರ ಫಲವಾದ ಈ ಚಾಂಚಲ್ಯವು ಬಹುಮಟ್ಟಿಗೆ ಆನುವಂಶಿಕವಾದುದು, ನಿಮ್ಮ ಪೋಷಣೆಯ ಲೋಪವಲ್ಲ.

1937ರಲ್ಲಿ ರೋಡ್ ಐಲೆಂಡಿನ ವೈದ್ಯ ಚಾರ್ಲ್ಸ್ ಬ್ರಾಡ್ಲಿಯವರು, ಉತ್ತೇಜಕವಾದ ಬೆಂಜೆಡ್ರಿನ್ ಸೇವಿಸಿದ ಮಕ್ಕಳಲ್ಲಿ ಅನೇಕರು ಶಾಂತರಾಗಿ ಪಾಠದಲ್ಲಿ ಮನಸ್ಸಿಟ್ಟುದನ್ನು ಕಂಡರು. ಇಂದು ಬಳಸುವ ಉತ್ತೇಜಕ ಔಷಧವಾದ ಮೀಥೈಲ್‌ಫೆನಿಡೇಟ್, ಮೆದುಳಿನ ರಾಸಾಯನಿಕಗಳಾದ ಡೋಪಮೈನ್ ಮತ್ತು ನಾರ್‌ಎಪಿನೆಫ್ರಿನ್‌ಗಳು ನರಕೋಶಗಳಿಗೆ ಬೇಗನೆ ಮರಳದಂತೆ ತಡೆದು ಗಮನಕ್ಕೆ ಆಸರೆಯಾಗುತ್ತದೆ.

ನಮ್ಮ ನೆರೆಯ ಬರ್ಕ್‌ಲಿಯೂ ಒಂದು ಕೇಂದ್ರವಾಗಿದ್ದ, 579 ಮಕ್ಕಳನ್ನೊಳಗೊಂಡ ಸಂಶೋಧನೆಯು 1999ರಲ್ಲಿ ಪ್ರಕಟವಾದಾಗ, ತಿಂಗಳು ತಿಂಗಳೂ ಮಗುವನ್ನು ನೋಡಿ, ಅಧ್ಯಾಪಕರನ್ನು ವಿಚಾರಿಸಿ, ಪ್ರಮಾಣವನ್ನು ಹೊಂದಿಸುತ್ತ ಕೊಟ್ಟ ಔಷಧವು 14 ತಿಂಗಳಲ್ಲಿ ಮುಖ್ಯ ಲಕ್ಷಣಗಳನ್ನು ಗಣನೀಯವಾಗಿ ತಗ್ಗಿಸಿದುದು ಕಂಡುಬಂದಿತು. ಊರಿನ ಸಾಮಾನ್ಯ ಆರೈಕೆಯಲ್ಲಿದ್ದವರಿಗೆ, ಅವರಲ್ಲಿ ಅನೇಕರು ಔಷಧವನ್ನೇ ಸೇವಿಸುತ್ತಿದ್ದರೂ, ಅಷ್ಟು ಗುಣ ದೊರೆಯಲಿಲ್ಲ. ಈ ಅಂತರವನ್ನು ನಾನು ಅತ್ಯಂತ ಮುಖ್ಯವೆಂದು ಭಾವಿಸುತ್ತೇನೆ.

ಈ ಔಷಧದಿಂದ ಹಸಿವು ಕುಂದಬಹುದು, ನಿದ್ರೆ ತಡವಾಗಬಹುದು; ಆದುದರಿಂದ ಮಾತ್ರೆಗೆ ಮುನ್ನವೇ ಹೊಟ್ಟೆತುಂಬ ತಿಂಡಿ ಕೊಡಿ, ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಅಳೆಯುತ್ತಿರಲಿ. ಆರು ವರ್ಷ ತುಂಬದ ಕೂಸಿಗಾದರೋ, ತಾಯಿತಂದೆಗಳಿಗೆ ಕೊಡುವ ವರ್ತನಾ ತರಬೇತಿಯೇ ಮೊದಲ ಚಿಕಿತ್ಸೆ.