ಪರದೆಯ ಮೇಲಿನ ಬೆಲೆ, ಕೈಗೆ ಬರುವ ಹಣ: ಷೇರುಗಳಲ್ಲಿ ಲಿಕ್ವಿಡಿಟಿ ಎಂದರೇನು?

ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಲ್ಲಿ ಒಂದು ಕುಟುಂಬದ ಬಳಿ ಹತ್ತು ಲಕ್ಷ ರೂಪಾಯಿ ಬೆಲೆಯ ಚಿನ್ನವೂ ಅಷ್ಟೇ ಬೆಲೆಯ ಹೊಲವೂ ಇವೆ ಎಂದುಕೊಳ್ಳೋಣ. ಮಗಳ ಕಾಲೇಜು ಶುಲ್ಕಕ್ಕೆ ವಾರದೊಳಗೆ ಹಣ ಬೇಕು. ಚಿನ್ನವನ್ನು ಅಂದಿನ ದರಕ್ಕೆ ಹತ್ತಿರದ ಬೆಲೆಗೆ ಅಂದೇ ಮಾರಬಹುದು. ಹೊಲಕ್ಕೆ ಗಿರಾಕಿ ಸಿಗಬೇಕು, ಪಹಣಿ ನೋಡಬೇಕು, ನೋಂದಣಿ ಆಗಬೇಕು. ಅವಸರವಿದೆ ಎಂದು ತಿಳಿದರೆ ಕೊಳ್ಳುವವರು ಬೆಲೆ ಇಳಿಸಿಯೇ ಕೇಳುತ್ತಾರೆ. ಹೆಚ್ಚು ನಷ್ಟವಿಲ್ಲದೆ ಬೇಗ ನಗದಾಗುವ ಈ ಗುಣವೇ ಲಿಕ್ವಿಡಿಟಿ, ಅಂದರೆ ದ್ರವ್ಯತೆ. ಷೇರುಗಳಲ್ಲೂ ಚಿನ್ನದಂಥವು ಇವೆ, ಹೊಲದಂಥವೂ ಇವೆ.

ಮಾರುವಾಗ ಆಗುವುದೇನು?

ಮೊಬೈಲಿನಲ್ಲಿ ಕಾಣುವುದು ಕೊನೆಯ ವಹಿವಾಟಿನ ಬೆಲೆ ಮಾತ್ರ. ನಿಮ್ಮಲ್ಲಿ 500 ಷೇರುಗಳಿವೆ, ಬೆಲೆ 100 ರೂ. ಎಂದು ತೋರಿಸುತ್ತಿದೆ. ಆದರೆ 100 ರೂ.ಗೆ ಕೊಳ್ಳುವವರು 100 ಷೇರುಗಳಿಗಷ್ಟೇ ಇದ್ದಾರೆ. 96ಕ್ಕೆ 150, 90ಕ್ಕೆ 250. ಒಮ್ಮೆಲೇ ಮಾರಿದರೆ 50,000 ಅಲ್ಲ, 46,900 ರೂ. ಸಿಗುತ್ತದೆ. ಕಂಪನಿ ಕೆಟ್ಟಿಲ್ಲ, ಕೊಳ್ಳುವವರು ಕಡಿಮೆ, ಅಷ್ಟೆ. ಹೀಗಾಗಿಯೇ ಸುಲಭವಾಗಿ ಮಾರಲಾಗದ ಷೇರಿಗೆ ಹೂಡಿಕೆದಾರರು ಮೊದಲೇ ಕಡಿಮೆ ಬೆಲೆ ಕೊಡುತ್ತಾರೆ.

ವಹಿವಾಟು ಇಲ್ಲದಿದ್ದರೆ ಬೆಲೆಯೇ ಸುಳ್ಳಾಗಬಹುದು. ಎಲ್ಸಿಡ್ ಇನ್ವೆಸ್ಟ್‌ಮೆಂಟ್ಸ್ ಷೇರಿನ ಬೆಲೆ 3.53 ರೂ. ಎಂದಿತ್ತು. ಆ ದರಕ್ಕೆ ಮಾರುವವರೇ ಇರಲಿಲ್ಲ, ಏಕೆಂದರೆ ಕಂಪನಿಯ ಬಳಿ ಏಷ್ಯನ್ ಪೇಂಟ್ಸ್‌ನ ಷೇರುಗಳಿದ್ದವು. 2024ರ ಅಕ್ಟೋಬರ್ 29ರಂದು ವಿಶೇಷ ಹರಾಜಿನ ಬಳಿಕ ಅದೇ ಷೇರು 2,36,250 ರೂ. ಆಯಿತು.

ಬೆಂಗಳೂರಿನ ಪಾಠ

1963ರಲ್ಲಿ ಆರಂಭವಾದ ಬೆಂಗಳೂರು ಷೇರು ವಿನಿಮಯ ಕೇಂದ್ರವೂ ಇದಕ್ಕೆ ಉದಾಹರಣೆ. ಎನ್‌ಎಸ್‌ಇ, ಬಿಎಸ್‌ಇಗಳ ಕಂಪ್ಯೂಟರ್ ವಹಿವಾಟು ದೇಶವಿಡೀ ಹರಡಿದಂತೆ ವ್ಯಾಪಾರವೆಲ್ಲ ಅತ್ತ ಹರಿಯಿತು. ವರ್ಷಕ್ಕೆ 1,000 ಕೋಟಿ ರೂ. ವಹಿವಾಟೂ ಇಲ್ಲದ ಕೇಂದ್ರಗಳು ಹೊರಹೋಗಲು ಸೆಬಿ 2012ರಲ್ಲಿ ದಾರಿ ಮಾಡಿತು; 2014ರ ಡಿಸೆಂಬರಿನಲ್ಲಿ ಬೆಂಗಳೂರು ಕೇಂದ್ರ ಮುಚ್ಚಿತು. ಇಂಥ ಪ್ರಾದೇಶಿಕ ಕೇಂದ್ರಗಳಲ್ಲಿ ಮಾತ್ರ ನೋಂದಾಯಿತವಾಗಿದ್ದ ಷೇರುಗಳನ್ನು ಹಿಡಿದಿದ್ದವರಿಗೆ ನಿತ್ಯದ ಮಾರುಕಟ್ಟೆಯೇ ಇಲ್ಲವಾಯಿತು.

ಅಜ್ಜನ ಟ್ರಂಕಿನಲ್ಲಿ ಹಳೆಯ ಷೇರು ಪತ್ರಗಳಿದ್ದರೆ ಎಸೆಯಬೇಡಿ. 2019ರ ಏಪ್ರಿಲ್ 1ರಿಂದ ಕಾಗದದ ರೂಪದಲ್ಲಿ ಅವನ್ನು ಮಾರಿ ಬೇರೆಯವರ ಹೆಸರಿಗೆ ವರ್ಗಾಯಿಸಲಾಗದು, ಡಿಮ್ಯಾಟ್ ಮಾಡಿಸಬೇಕು. ಏಳು ವರ್ಷ ಸತತವಾಗಿ ಲಾಭಾಂಶ ಪಡೆಯದಿದ್ದರೆ ಷೇರುಗಳು ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿರುತ್ತವೆ. ಅಲ್ಲಿಂದ ಮರಳಿ ಪಡೆಯಲು ಅವಕಾಶವಿದೆ.

ಹಣದ ಹರಿವು ಮತ್ತು ಇಡೀ ಪೇಟೆ

ಲಿಕ್ವಿಡಿಟಿಗೆ ಇನ್ನೊಂದು ಅರ್ಥವೂ ಇದೆ: ಬ್ಯಾಂಕುಗಳಲ್ಲಿ, ಜನರಲ್ಲಿ ಓಡಾಡುವ ಹಣದ ಪ್ರಮಾಣ. 2020ರ ಮಾರ್ಚ್ 23ರಂದು ಕೊರೊನಾ ಭಯದಿಂದ ಎಲ್ಲರೂ ಮಾರಲು ಹೊರಟಾಗ ಸೆನ್ಸೆಕ್ಸ್ ಒಂದೇ ದಿನ 3,934 ಅಂಶ ಕುಸಿಯಿತು. ನಾಲ್ಕು ದಿನಗಳ ಬಳಿಕ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 5.15ರಿಂದ 4.40ಕ್ಕೆ ಇಳಿಸಿತು, ಬ್ಯಾಂಕುಗಳ ನಗದು ಮೀಸಲು ಪ್ರಮಾಣ ತಗ್ಗಿಸಿ 1.37 ಲಕ್ಷ ಕೋಟಿ ರೂ. ಬಿಡುಗಡೆ ಮಾಡಿತು. ಠೇವಣಿ ಬಡ್ಡಿ ಇಳಿದಾಗ ಹಣ ಷೇರುಗಳತ್ತ ತಿರುಗುತ್ತದೆ. ವಿದೇಶಿ ಹೂಡಿಕೆಯೂ ಸೇರಿ, 2021ರ ಜನವರಿಯಲ್ಲಿ ಸೆನ್ಸೆಕ್ಸ್ 50,000 ಮುಟ್ಟಿತು. ಹರಿದು ಬಂದ ಹಣ ಹಿಂದಕ್ಕೂ ಹೋಗಬಲ್ಲದು ಎಂಬುದನ್ನು ಮರೆಯಬಾರದು.

ಮನೆಯವರು ಗಮನಿಸಬೇಕಾದದ್ದು

• ಕೊಳ್ಳುವ ಮೊದಲು ದಿನಕ್ಕೆ ಎಷ್ಟು ಷೇರು ಕೈಬದಲಾಗುತ್ತದೆ, ಕೊಳ್ಳುವ ಮತ್ತು ಮಾರುವ ಬೆಲೆಗಳ ನಡುವೆ ಎಷ್ಟು ಅಂತರವಿದೆ ಎಂದು ನೋಡಿ.

• ವಾಟ್ಸಾಪ್‌ನಲ್ಲಿ ಯಾರೋ ಹೇಳಿದ, ದಿನವೂ ಅಪ್ಪರ್ ಸರ್ಕ್ಯೂಟ್ ಮುಟ್ಟುವ ಚಿಲ್ಲರೆ ಷೇರಿಗೆ ಮರುಳಾಗಬೇಡಿ. ಇಳಿಯತೊಡಗಿದರೆ ಲೋವರ್ ಸರ್ಕ್ಯೂಟಿನಲ್ಲಿ ಕೊಳ್ಳುವವರೇ ಇರುವುದಿಲ್ಲ.

• ವಹಿವಾಟು ಕಡಿಮೆಯಿರುವ ಷೇರಿಗೆ ಮಾರ್ಕೆಟ್ ಆರ್ಡರ್ ಬೇಡ. ನಿಮ್ಮ ಬೆಲೆ ನಮೂದಿಸಿ ಲಿಮಿಟ್ ಆರ್ಡರ್ ಹಾಕಿ.

• ಮದುವೆ, ಶುಲ್ಕ, ಚಿಕಿತ್ಸೆಗೆ ಬೇಕಾಗುವ ಹಣ ಬ್ಯಾಂಕಿನಲ್ಲೇ ಇರಲಿ. ಷೇರು ಎಷ್ಟೇ ಒಳ್ಳೆಯದಿದ್ದರೂ, ನಮಗೆ ಹಣ ಬೇಕಾದ ದಿನವೇ ಕೊಳ್ಳುವವರು ಬರುತ್ತಾರೆಂಬ ಖಾತರಿಯಿಲ್ಲ.