ಮಂಜಿನ ಬಣ್ಣ

ಪುಷ್ಯಮಾಸದ ಬೆಳಗುಗಳಲ್ಲಿ ಕೊಪ್ಪ ಸೀಮೆಯ ನಾರ್ವೆಯ ಕಡೆಗೆ ಹೋದವರು ಬಲ್ಲರು: ಗದ್ದೆಯಂಚಿನ ಅಡಿಕೆ ತೋಟ ಬಿಸಿಲೇರುವ ತನಕ ಕಣ್ಣಿಗೆ ಬೀಳುವುದಿಲ್ಲ. ಲಿಂಗಪೂಜೆ ಮುಗಿಸಿ ಅಂಗಳಕ್ಕೆ ಬಂದರೆ ಮುಂದೆ ಮಂಜು, ಹಿಂದೆ ಅಡಿಕೆ ಬೇಯಿಸುವ ಒಲೆಯ ಹೊಗೆ. ಈ ದೃಶ್ಯವನ್ನು ತೈಲವರ್ಣದಲ್ಲಿ ಹಿಡಿಯಲು ಹೊರಡುವ ನಮ್ಮ ಯುವಕ ಯುವತಿಯರು ಮೊದಲು ಕೈಹಾಕುವುದು ಬಿಳಿಯ ಟ್ಯೂಬಿಗೆ. ತಪ್ಪುವುದು ಅಲ್ಲಿಯೇ.

ಮಂಜು ಬಿಳಿಯಲ್ಲ. ಬಿಳಿಗೆ ಚಿಟಿಕೆಯಷ್ಟು ನೀಲಿ, ಅದಕ್ಕಿಂತ ಕಡಿಮೆ ಕಾವಿಗೆಂಪು ಬೆರೆಸಿದಾಗ ದೊರೆಯುವ ಬೂದು ಅದರ ನೆಲೆ. ಹತ್ತಿರದ ಕಾಂಡ ಕಪ್ಪಾಗಿರಬೇಕು, ಎರಡನೆಯ ಸಾಲು ನಸುಬೂದಾಗಿ, ಮೂರನೆಯದು ಇದೆಯೋ ಇಲ್ಲವೋ ಎನ್ನುವಂತೆ. ಹಸಿಬಣ್ಣದ ಮೇಲೆ ಒಣಕುಂಚವನ್ನು ಮೆಲ್ಲಗೆ ಎಳೆದರೆ ಅಂಚುಗಳು ಕರಗುತ್ತವೆ. ತೈಲವರ್ಣ ನಿಧಾನವಾಗಿ ಒಣಗುವುದೇ ಇಲ್ಲಿ ವರವಾಗುತ್ತದೆ. ಫ್ರಾನ್ಸಿನ ಕ್ಲಾಡ್ ಮೊನೆ ೧೮೬೮-೬೯ರ ಚಳಿಗಾಲದಲ್ಲಿ ಬೇಲಿಯ ಮೇಲೆ ಕುಳಿತ ಮ್ಯಾಗ್‌ಪೈ ಹಕ್ಕಿಯನ್ನು ಚಿತ್ರಿಸಿದಾಗ ಹಿಮದ ಮೇಲಿನ ನೆರಳಿಗೆ ನೀಲಿಯನ್ನೇ ಬಳಸಿದನು. ನಮ್ಮಲ್ಲಿ ಹಿಮ ಬೀಳದಿದ್ದರೇನಂತೆ, ನೆರಳಿನ ನೀಲಿ ಇಲ್ಲಿಯೂ ಉಂಟು.

ಕೆಳಗಿನ ಪದರಕ್ಕೆ ಎಣ್ಣೆ ಕಡಿಮೆ, ಮೇಲಿನದಕ್ಕೆ ಹೆಚ್ಚು. ಇದನ್ನು ಮೀರಿದರೆ ಮೇಲ್ಪದರ ಬೇಗ ಒಣಗಿ ಮುಂದೆ ಬಿರುಕುಬಿಡುತ್ತದೆ. ಗೃಹಸ್ಥರಿಗೆ ಇನ್ನೊಂದು ಮಾತು: ಅಗಸೆ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆಸೆದರೆ ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ಡಬ್ಬಿಯಲ್ಲಿ ಮುಳುಗಿಸಿಡಿರಿ.

ಕಂಡದ್ದನ್ನು ಭಾವದಿಂದ ಬರೆಯುವುದನ್ನು ಕಲಿಯಲು ರುಮಾಲೆ ಚೆನ್ನಬಸವಯ್ಯನವರ ಚಿತ್ರಗಳನ್ನು ನೋಡಬೇಕು. ದೊಡ್ಡಬಳ್ಳಾಪುರದಲ್ಲಿ ೧೯೧೦ರಲ್ಲಿ ಜನಿಸಿದ ಅವರು ಸ್ವಾತಂತ್ರ್ಯ ಹೋರಾಟಕ್ಕಾಗಿ ಕುಂಚವನ್ನು ಬದಿಗಿಟ್ಟವರು, ‘ತಾಯಿನಾಡು’ ಪತ್ರಿಕೆಯ ಸಂಪಾದಕರಾಗಿದ್ದವರು. ಐವತ್ತು ದಾಟಿದ ಮೇಲೆ ಬಣ್ಣಕ್ಕೆ ಮರಳಿ, ಬೆಂಗಳೂರಿನ ಹೂಮರಗಳೆದುರು ನಿಂತು ಚಿತ್ರಿಸಿದರು; ೧೯೮೮ರಲ್ಲಿ ಲಿಂಗೈಕ್ಯರಾದರು. ಅವರ ದಪ್ಪ ಚುಕ್ಕೆಗಳಲ್ಲಿ ಎಲೆಯನ್ನು ಎಣಿಸಲಾಗದು, ಗಾಳಿಯನ್ನು ಮಾತ್ರ ಕಾಣಬಹುದು. ಕಾಯಕವೆಂಬ ಮಾತು ಇಂಥವರಿಗೆ ಸಲ್ಲುತ್ತದೆ.

ಆದರೆ ಈ ಸೀಮೆಯ ಚಿತ್ರಕಾರನಿಗೆ ಒಂದು ಇಕ್ಕಟ್ಟು ಇದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಮಂಜು ಸರಿದಾಗ ಮೊದಲು ಹೊಳೆಯುವುದು ಆ ಹಳದಿ. ನೋಟಕ್ಕೆ ಅದು ಸುಂದರ. ಹೊಸಬನು ಎಳೆಬಿಸಿಲೆಂದೇ ತಿಳಿದಾನು.

ನಾರ್ವೆಯ ಕಡೆಯ ಬಂಧುಗಳ ಮನೆಯ ಅಂಗಳದಲ್ಲಿ ನಾನೊಮ್ಮೆ ಮೂರು ಬೆಳಗು ಕುಳಿತು ಅವರ ತೋಟವನ್ನು ಬರೆದೆ. ಎಡಬದಿಯ ಆರೇಳು ಮರಗಳಿಗೆ ಹಳದಿಯನ್ನೇ ಹಚ್ಚಿದ್ದೆ. ಮನೆಯ ಹಿರಿಯರು ಬಹಳ ಹೊತ್ತು ನೋಡಿ, “ಆ ಹಳದಿ ಒಂದು ತೆಗೆದುಬಿಡಿ, ಮೇಷ್ಟ್ರೆ. ಮನೆಗೆ ಬಂದವರ ಕಣ್ಣಿಗೆಲ್ಲ ಅದೇ ಬೀಳ್ತದೆ” ಎಂದರು. ಬಣ್ಣ ಇನ್ನೂ ಹಸಿಯಾಗಿತ್ತು. ಕತ್ತಿಯಲ್ಲಿ ಕೆರೆದು ಹಸುರು ತುಂಬಲು ಹತ್ತು ನಿಮಿಷ ಸಾಕಿತ್ತು. ನನಗೆ ಕೈ ಬರಲಿಲ್ಲ, ಅವರಿಗೆ ಇಲ್ಲವೆನ್ನಲೂ ಬಾಯಿ ಬರಲಿಲ್ಲ. ಕೊನೆಗೆ ಮಂಜನ್ನೇ ಇನ್ನಷ್ಟು ಎಳೆದು ಆ ಮರಗಳನ್ನು ಅರ್ಧ ಮುಚ್ಚಿದೆ.

ಮರುವರ್ಷ ಹೋದಾಗ ಚಿತ್ರ ಪಡಸಾಲೆಯಲ್ಲಿತ್ತು. ಎಡಬದಿಯ ಆ ಸಾಲು ತೋಟದಲ್ಲಿ ಉಳಿದಿರಲಿಲ್ಲ. ಹಿರಿಯರು ಚಿತ್ರದ ಮಂಜಿನ ಮೇಲೆ ಬೆರಳಿಟ್ಟು, ಅಲ್ಲಿ ಎಷ್ಟು ಮರಗಳಿದ್ದವೆಂದು ಮೊಮ್ಮಗನಿಗೆ ಎಣಿಸಿ ತೋರಿಸುತ್ತಿದ್ದರು.